ಅಂಥಾದ್ದೇನಿಲ್ಲ, ಆದ್ರೂ ಯಾರಾದ್ರೂ ಒಳ್ಳೆಯವರಿದ್ರೆ ಹೇಳಿ

"ಅಂಥಾದ್ದೇನಿಲ್ಲ ಮೇಡಂ, ಸುಮ್ನೆ ಸ್ವಲ್ಪ ಬೇಜಾರು ಅಷ್ಟೆ. ಬರೀ ಮಾತಾಡೋಕೆ ಯಾರಾದ್ರೂ ಒಳ್ಳೆಯವರಿದ್ರೆ ನಂಬರ್ ಕೊಡಿ. ಊರಲ್ಲಿ ಬೇಡ, ಬೆಂಗಳೂರಲ್ಲಾದ್ರೆ ವಾಸಿ."

ನಾನು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್, ಅಂದ್ರೆ ಮನಸ್ಸಿನ ಕಾಯಿಲೆ ಇರೋರ ಮತ್ತೆ ಅವರ ಮನೆಯವರ ಜೊತೆ ಕೆಲಸ ಮಾಡೋಳು, ಅನ್ನೋದು ತುಮಕೂರಿನ ನಮ್ಮ ತಾರಸಿ ತೋಟದ ವಾಟ್ಸಾಪ್ ಗುಂಪಿಗೆ ಗೊತ್ತಾದ ಮೇಲೆ ಈ ಮೆಸೇಜು ಬರೋದು ನಿಂತಿಲ್ಲ. ಹೆಸರು ಬೇರೆ, ಪದ ಹೆಚ್ಚುಕಮ್ಮಿ ಇವೇ. ಉತ್ತರ ಟೈಪ್ ಮಾಡಿ ಮಾಡಿ ಹೆಬ್ಬೆರಳು ಸವೆದಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸ್ತೀನಿ. ಕೋಪ ಬಂದ್ರೆ ಬರಲಿ, ಕೊನೇವರೆಗೆ ಓದಿ.

ಮೊದಲು ಆ "ಅಂಥಾದ್ದು". ಏನದು? ಮೂರು ವಾರದಿಂದ ನಿದ್ದೆ ಇಲ್ಲ, ಊಟ ಸೇರಲ್ಲ, ಸ್ನಾನಕ್ಕೆ ಏಳೋದೇ ಬೆಟ್ಟ ಹತ್ತಿದ ಹಾಗೆ, ಮಗು ಕರೆದ್ರೂ ಸಿಟ್ಟು. ಇಷ್ಟೂ ಬರೆದು ಕೊನೆಗೆ "ಅಂಥಾದ್ದೇನಿಲ್ಲ". ಬಟ್ಟೆ ಹರ್ಕೊಂಡು ಬೀದೀಲಿ ಓಡಾಡಿದ್ರೆ ಮಾತ್ರ ಅಂಥಾದ್ದು ಅಂತ ಲೆಕ್ಕ ಇರಬೇಕು. ನಮ್ಮ ಲೆಕ್ಕ ಬೇರೆ. ಬೇಜಾರು, ಇಲ್ಲವೇ ಯಾವುದರಲ್ಲೂ ಆಸಕ್ತಿ ಇಲ್ಲದಿರೋದು, ದಿನದ ಬಹುಪಾಲು, ಹೆಚ್ಚುಕಮ್ಮಿ ಪ್ರತಿದಿನ, ಎರಡು ವಾರ ನಡೆದು, ಜೊತೆಗೆ ನಿದ್ದೆ, ಹಸಿವು, ಗಮನ ಕೆಟ್ಟು ಕೆಲಸ ಹಿಂದೆ ಬಿದ್ದಿದ್ರೆ ತೋರಿಸಬೇಕು. ಎರಡು ವಾರ. ಎರಡು ವರ್ಷ ಅಲ್ಲ.

ಇನ್ನು "ಬರೀ ಮಾತಾಡೋಕೆ". ಅದಕ್ಕೆ ನಿಮ್ಮ ಹತ್ತಿರ ಆಗಲೇ ಒಂದು ಗುಂಪಿದೆಯಲ್ಲ! ಗುಂಪನ್ನ ಬೈಯೋಕೆ ಬಂದಿಲ್ಲ ನಾನು. ಬೆಳಗ್ಗೆ ಎದ್ದು ಗಿಡಕ್ಕೆ ನೀರು ಹಾಕೋದು, ಹೂವಿನ ಫೋಟೊ ಹಾಕಿ ನಾಲ್ಕು ಜನರಿಂದ ಶಹಭಾಸ್ ಅನ್ನಿಸ್ಕೊಳ್ಳೋದು, ಇವೆಲ್ಲ ಮನಸ್ಸಿಗೆ ಒಳ್ಳೇದೇ. ಆದ್ರೆ ಅಲ್ಲಿ ನಡೆಯೋದನ್ನ ಗಮನಿಸಿ. ರಾತ್ರಿ ಒಂದೂವರೆಗೆ ಯಾರೋ ಮೆಣಸಿನ ಗಿಡದ ಫೋಟೊ ಹಾಕ್ತಾರೆ: "ಎಲೆ ಮುದುಡಿದೆ. ನಿದ್ದೆ ಬರ್ತಿಲ್ಲ, ಗಿಡ ನೋಡ್ತಾ ಕೂತಿದೀನಿ." ಬೆಳಗಾಗೋದರೊಳಗೆ ಉತ್ತರಗಳ ಸಾಲು. ಎಲೆ ಮೇಲಕ್ಕೆ ಮುದುಡಿದ್ಯೋ ಕೆಳಕ್ಕೋ? ಮೇಲಕ್ಕಾದ್ರೆ ಥ್ರಿಪ್ಸು, ಕೆಳಕ್ಕಾದ್ರೆ ಮೈಟು. ಬೇವಿನೆಣ್ಣೆ ಲೀಟರಿಗೆ 5 ಎಂಎಲ್, ಎರಡು ಹನಿ ಸೋಪಿನ ನೀರು, ಸಂಜೆ ಹೊಡೀರಿ. ಎಲ್ಲಾ ಸರಿ. ಆ ಎರಡನೇ ವಾಕ್ಯಕ್ಕೆ ಒಂದೇ ಒಂದು ಉತ್ತರ ಇಲ್ಲ.

ಉತ್ತರ ಬಂದಾಗ ಇನ್ನೂ ಕಷ್ಟ. ಒಬ್ಬರು "ಪಾಸಿಟಿವ್ ಆಗಿರಿ" ಅಂತಾರೆ, ಇನ್ನೊಬ್ಬರು ಅಶ್ವಗಂಧ ಅಂತಾರೆ, ಮೂರನೆಯವರು ತಮ್ಮ ಚಿಕ್ಕಮ್ಮನ ನಿದ್ದೆ ಮಾತ್ರೆಯ ಪಟ್ಟಿ ಫೋಟೊ ತೆಗೆದು ಹಾಕ್ತಾರೆ. ಅಲ್ಪ್ರಜೋಲಾಂ, ಕ್ಲೋನಜೆಪಾಂ ಜಾತಿಯ ಮಾತ್ರೆಗಳವು. ಮೊದಲ ದಿನ ನಿದ್ದೆ ಬರುತ್ತೆ, ಅದೇ ತೊಂದರೆ. ಕೆಲವೇ ವಾರಗಳಲ್ಲಿ ಅಭ್ಯಾಸ ಆಗಿ ಅರ್ಧ ಸಾಲದೆ ಒಂದು ಬೇಕಾಗುತ್ತೆ. ತುಂಬಾ ದಿನ ತಗೊಂಡು ಥಟ್ಟನೆ ಬಿಟ್ರೆ ನಿದ್ದೆ ಮೊದಲಿಗಿಂತ ಕೆಡುತ್ತೆ, ಕೆಲವರಿಗೆ ಫಿಟ್ಸೂ ಬರುತ್ತೆ. ಕುಡಿತದ ಜೊತೆಗಂತೂ ಉಸಿರಿಗೇ ಅಪಾಯ. ಇನ್ನು ಗುಟ್ಟಿನ ವಿಷಯ: ಇನ್ನೂರು ಜನರ ಗುಂಪಲ್ಲಿ ಹೇಳಿದ ಮಾತಿನ ಸ್ಕ್ರೀನ್‌ಶಾಟ್ ನಿಮ್ಮ ಓರಗಿತ್ತಿ ಫೋನಿಗೆ ಹೋಗೋಕೆ ಎಷ್ಟು ಹೊತ್ತು? ಹೊರಗೆ ಹೇಳಬಾರದು ಅನ್ನೋ ಕಾನೂನು ಆಸ್ಪತ್ರೆಗೆ ಇದೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್. ಗುಂಪಿನ ಅಡ್ಮಿನ್‌ಗೆ ಅದಿಲ್ಲ, ಪಾಪ ಅವರಿಗೆ ಬೆಳಗ್ಗೆ ಆಫೀಸಿದೆ.

ಸರಿ, ಎಲ್ಲಿಗೆ ಹೋಗೋದು?

ಯಾರಾದ್ರೂ ಜೀವ ಕಳ್ಕೊಳ್ತಾರೇನೋ ಅನ್ನಿಸಿದ್ರೆ ಬೇರೆ ಎಲ್ಲಾ ಬಿಟ್ಟು ಮೊದಲು ಇದು. ಆ ವ್ಯಕ್ತಿಯನ್ನ ಒಬ್ಬರೇ ಬಿಡಬೇಡಿ. ಮನೇಲಿರೋ ಔಷಧಿ ಡಬ್ಬಿ, ತೋಟಕ್ಕೆ ಹೊಡೆಯೋ ಔಷಧ, ಅಕ್ಕಿಗಿಡೋ ಗುಳಿಗೆ, ಎಲ್ಲಾ ಆಚೆ ಮನೆಗೆ ಸಾಗಿಸಿ. ಅಟ್ಟದ ಮೇಲೆ ಬಚ್ಚಿಟ್ರೆ ಸಾಲದು. ಆ ತೀವ್ರ ಗಳಿಗೆ ಬಂದು ಹೋಗೋ ಅಂಥದ್ದು, ಆಗ ಕೈಗೆ ಸಿಗದಿದ್ರೆ ಎಷ್ಟೋ ಜೀವ ಉಳಿಯುತ್ತೆ. 108 ಇಲ್ಲವೇ 112. ಏನಾದ್ರೂ ತಗೊಂಡುಬಿಟ್ಟಿದ್ರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿ ಜೊತೆಗೆ ತಗೊಂಡು ಹತ್ತಿರದ ದೊಡ್ಡಾಸ್ಪತ್ರೆ ಕ್ಯಾಷುಯಾಲಿಟಿಗೆ ಹೋಗಿ. "ಪೊಲೀಸ್ ಕೇಸ್ ಆಗುತ್ತೆ" ಅಂತ ಊರ ಕ್ಲಿನಿಕ್ಕಲ್ಲಿ ಹೊತ್ತು ಕಳೀತಾರೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ನಿಜ. ಆದ್ರೆ ಮೇಲೆ ಹೇಳಿದ 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆ ವ್ಯಕ್ತಿ ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸಬೇಕು, ಶಿಕ್ಷಿಸೋ ಹಾಗಿಲ್ಲ, ಚಿಕಿತ್ಸೆ ಕೊಡಿಸೋದು ಸರ್ಕಾರದ ಹೊಣೆ.

ಅಷ್ಟು ತುರ್ತಿಲ್ಲ, ಆದ್ರೂ ರಾತ್ರಿ ತಡ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ 14416. ಟೆಲಿ ಮಾನಸ್ ಅಂತ ಹೆಸರು, 2022ರ ಅಕ್ಟೋಬರ್ 10ರಿಂದ ನಡೀತಿದೆ, 24 ಗಂಟೆ, ಉಚಿತ. ಭಾಷೆ ಆರಿಸಿದ್ರೆ ಕನ್ನಡದಲ್ಲೇ ಮಾತಾಡಬಹುದು. ಮೊದಲು ಸಿಗೋದು ಆಪ್ತಸಮಾಲೋಚಕರು, ಅಗತ್ಯ ಬಿದ್ರೆ ಮನೋವೈದ್ಯರಿಗೆ ದಾಟಿಸ್ತಾರೆ. ಫೋನ್ ಎತ್ತಿದ ತಕ್ಷಣ ಮಾತು ಹೊರಡಲ್ಲ, ಎಲ್ಲರಿಗೂ ಹಾಗೇ. ಅದಕ್ಕೆ ಮೊದಲೇ ಮೂರು ಸಾಲು ಬರೆದಿಟ್ಕೊಳ್ಳಿ: ಏನಾಗ್ತಿದೆ, ಎಂದಿನಿಂದ, ಈಗ ಯಾಕೆ ಫೋನ್ ಮಾಡಿದೆ. ಓದಿ ಹೇಳಿದ್ರೂ ಅವರೇನೂ ಅಂದ್ಕೊಳ್ಳಲ್ಲ.

ಆಮೇಲೆ ಆಸ್ಪತ್ರೆ. ಜಿಲ್ಲಾಸ್ಪತ್ರೆ ಚೀಟಿ ಕೌಂಟರಲ್ಲಿ "ಮನೋವೈದ್ಯರ ಓಪಿಡಿ" ಅನ್ನಿ. ಕೋಲಾರದವರಿಗೆ ಎಸ್‌ಎನ್‌ಆರ್ ಆಸ್ಪತ್ರೆ. ಪಾವಗಡ, ಶಿರಾ, ಗೌರಿಬಿದನೂರಿನ ಕಡೆಯವರು ಜಿಲ್ಲಾ ಕೇಂದ್ರಕ್ಕೂ ಬರಬೇಕಾಗಿಲ್ಲ. ಮನೋಚೈತನ್ಯ ಅನ್ನೋ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬರ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಹಿಂದಿನ ದಿನ ಕೇಳ್ಕೊಂಡು ಹೊರಡಿ, ಬಸ್ ಚಾರ್ಜ್ ದಂಡ ಆಗಬಾರದು.

"ಯಾರಾದ್ರೂ ನೋಡಿದ್ರೆ?" ಚೀಟಿ ಕೌಂಟರಲ್ಲಿ ಹಲ್ಲುನೋವಿನವರೂ ನೀವೂ ಒಂದೇ ಸಾಲು. ಓಪಿಡಿ ಬೆಂಚಲ್ಲಿ ಸಿಕ್ಕವರು ತಮ್ಮನ್ನ ಯಾರು ನೋಡಿಬಿಡ್ತಾರೋ ಅಂತ ನಿಮಗಿಂತ ಹೆಚ್ಚು ಹೆದರಿರ್ತಾರೆ. ಕೇಳಿದ್ರೆ "ನಿದ್ದೆ ಇಲ್ಲ ಅಂತ ಬಂದೆ" ಅನ್ನಿ. ಸುಳ್ಳೂ ಅಲ್ಲ.

ಖಾಸಗಿಯಾಗಿ ಹೋಗೋರು ಬೋರ್ಡ್ ನೋಡಿ ಮರುಳಾಗಬೇಡಿ. ಮನೋವೈದ್ಯರು ಎಂಬಿಬಿಎಸ್ ಆದ ಮೇಲೆ ಸೈಕಿಯಾಟ್ರಿ ಓದಿದ ಡಾಕ್ಟರು, ಮಾತ್ರೆ ಬರೆಯೋದು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡ್ತಾರೆ, ಅವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಇರುತ್ತೆ. ಕೇಳಿ, ಕೇಳೋದು ಅಪಮಾನ ಅಲ್ಲ. ಕೌನ್ಸೆಲರ್ ಅನ್ನೋ ಪದವನ್ನ ಎರಡು ವರ್ಷ ಓದಿದವರೂ ಹಾಕ್ಕೊಳ್ತಾರೆ, ಎರಡು ದಿನದ ಶಿಬಿರ ಮುಗಿಸಿದವರೂ ಹಾಕ್ಕೊಳ್ತಾರೆ. ಏನು ಓದಿದ್ದೀರಿ, ನಿಮ್ಮ ಕೈ ಮೀರಿದ್ರೆ ಯಾರ ಹತ್ತಿರ ಕಳಿಸ್ತೀರಿ ಅಂತ ಕೇಳಿ. ಎರಡನೇದಕ್ಕೆ ತಡವರಿಸಿದ್ರೆ ಎದ್ದು ಬನ್ನಿ.

ಬೆಂಗಳೂರು ಬೇಡ ಅಂತ ನಾನು ಹೇಳಲ್ಲ. ನಿಮ್ಹಾನ್ಸ್ ಇರೋದೇ ಅಲ್ಲಿ, ಬೇಕಾದವರು ಹೋಗಲೇಬೇಕು. ಆದ್ರೆ ಲೆಕ್ಕ ಹಾಕಿ: ತುಮಕೂರಿಂದ 70 ಕಿಲೋಮೀಟರ್, ಗೊರಗುಂಟೆಪಾಳ್ಯದ ಟ್ರಾಫಿಕ್ಕು, ನಿಮ್ಹಾನ್ಸ್ ಇರೋದು ಊರಿನ ಆಚೆ ಕಡೆ ಹೊಸೂರು ರಸ್ತೇಲಿ, ಒಂದು ದಿನದ ಕೂಲಿ, ಜೊತೆಗೆ ಬಂದವರದ್ದು ಇನ್ನೊಂದು. ಗುಟ್ಟು ಉಳಿಯುತ್ತೆ ಅಂತ ಮೊದಲ ಸಲ ಹೋಗ್ತೀರಿ. ಮೂರನೇ ಸಲಕ್ಕೆ?

ನನ್ನನ್ನ ಇದುವರೆಗೂ ಒಬ್ಬರೂ ಕೇಳದ ಪ್ರಶ್ನೆ ಇದು. ಯಾರ ಹತ್ತಿರ ಹೋಗಬೇಕು ಅಂತ ಎಲ್ಲರೂ ಕೇಳ್ತಾರೆ, ಎರಡನೇ ಸಲ ಹೋಗೋದು ಹೇಗೆ ಅಂತ ಯಾರೂ ಕೇಳಲ್ಲ. ಚಿಕಿತ್ಸೆ ಕೆಡೋದೆಲ್ಲ ಅಲ್ಲೇ.

ಯಾಕೆ ಅಂದ್ರೆ ಮೊದಲ ಭೇಟಿ ಚೆನ್ನಾಗಿರಲ್ಲ. ಓಪಿಡೀಲಿ ಜನ ತುಂಬಿರ್ತಾರೆ. ಡಾಕ್ಟರು ನಿಮ್ಮನ್ನ ಕೇಳಿದ್ದಕ್ಕೆ ಅತ್ತೆ ಉತ್ತರ ಕೊಡ್ತಾರೆ: "ಊಟಾನೇ ಮಾಡಲ್ಲ ಸಾರ್, ಯಾವಾಗ್ಲೂ ಮೊಬೈಲು." ನೀವು ಹೇಳಬೇಕು ಅಂದ್ಕೊಂಡಿದ್ದು ಗಂಟಲಲ್ಲೇ ಉಳಿಯುತ್ತೆ. ಅದಕ್ಕೆ ಹಿಂದಿನ ರಾತ್ರಿ ಅರ್ಧ ಹಾಳೆ ಬರೀರಿ. ಎಂದಿನಿಂದ, ನಿದ್ದೆ ಎಷ್ಟು ಗಂಟೆ, ತೂಕ ಇಳಿದಿದ್ಯಾ, ಈಗ ತಗೊಳ್ತಿರೋ ಎಲ್ಲಾ ಮಾತ್ರೆ, ಥೈರಾಯ್ಡ್ ಶುಗರ್ ಇದ್ಯಾ, ಕುಡಿತ, ಮನೆತನದಲ್ಲಿ ಯಾರಿಗಾದ್ರೂ ಇತ್ತಾ, ಸಾಯಬೇಕು ಅನ್ನಿಸಿದ್ಯಾ. ಬಸುರಿ, ಬಾಣಂತಿ ಆಗಿದ್ರೆ ಎಲ್ಲಕ್ಕಿಂತ ಮೇಲೆ ಬರೀರಿ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ರಿಪೋರ್ಟ್ ಇದ್ರೆ ತಗೊಂಡು ಹೋಗಿ, ಇವು ಕೆಟ್ರೂ ಮನಸ್ಸು ಹೀಗೇ ಕುಗ್ಗುತ್ತೆ. ಕೂತ ಕೂಡಲೇ "ಎರಡು ನಿಮಿಷ ನಾನೊಬ್ಬಳೇ ಮಾತಾಡಬೇಕು" ಅನ್ನಿ. ಅತ್ತೆಯನ್ನ ಆಚೆ ಕಳಿಸೋ ಕೆಲಸ ಡಾಕ್ಟರಿಗೆ ಬಿಡಿ, ಅಭ್ಯಾಸ ಇದೆ.

ಆಮೇಲೆ ಮಾತ್ರೆ. ಖಿನ್ನತೆಗೆ ಸಾಮಾನ್ಯವಾಗಿ ಬರೆಯೋ ಮಾತ್ರೆಗಳು ಕೆಲಸ ತೋರಿಸೋಕೆ ಎರಡರಿಂದ ನಾಲ್ಕು ವಾರ ಬೇಕು. ವಾಕರಿಕೆ, ತಲೆನೋವು, ಚಡಪಡಿಕೆ ಮಾತ್ರ ಮೊದಲ ವಾರವೇ ಹಾಜರ್. ಹಾಗಾಗಿ ಐದನೇ ದಿನ "ಇದು ಉಷ್ಣ, ಮೈಗೆ ಒಗ್ಗಲ್ಲ" ಅಂತ ಬಿಟ್ಟವರು ಒಂದು ಪಂಗಡ. ವಾಕರಿಕೆ ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಇಳಿಯುತ್ತೆ, ಊಟ ಆದ ಮೇಲೆ ತಗೊಂಡ್ರೆ ಕಮ್ಮಿ. ಚಡಪಡಿಕೆ ವಿಪರೀತ ಆದ್ರೆ, ಸಾಯೋ ಯೋಚನೆ ಹೆಚ್ಚಾದ್ರೆ, ಮುಂದಿನ ತಾರೀಖಿಗೆ ಕಾಯದೆ ಅವತ್ತೇ ಹೋಗಿ. ಎರಡು ತಿಂಗಳಿಗೆ "ಈಗ ಆರಾಮಾಗಿದೀನಿ" ಅಂತ ಬಿಟ್ಟವರು ಇನ್ನೊಂದು ಪಂಗಡ. ಆರಾಮಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು, ಇಲ್ಲದಿದ್ರೆ ಮರುಕಳಿಸುತ್ತೆ. ನಿಲ್ಲಿಸೋದೂ ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ. ಗೊರವನಹಳ್ಳಿಗೆ ಹರಕೆ ಇದ್ರೆ ತೀರಿಸಿ ಬನ್ನಿ, ಮಾತ್ರೆ ಚೀಲದಲ್ಲಿರಲಿ.

ಹೊರಡೋ ಮುಂಚೆ ಡಾಕ್ಟರನ್ನ ಇಷ್ಟು ಕೇಳಿ: ಇದಕ್ಕೆ ಏನಂತ ಹೆಸರು, ಈ ಮಾತ್ರೆ ಎಷ್ಟು ದಿನ, ಯಾವಾಗ ಬರಬೇಕು, ಅವತ್ತು ನೀವಿಲ್ಲದಿದ್ರೆ ಯಾರನ್ನ ನೋಡಬೇಕು. ಕೊನೇ ಪ್ರಶ್ನೆ ಕೇಳದೆ ಹೋದವರು ಎರಡನೇ ಸಲ ಬಾಗಿಲಿಗೆ ಬೀಗ ನೋಡಿ ವಾಪಸ್ ಹೋಗಿ ಮತ್ತೆ ಬರಲ್ಲ. ಜೊತೆಗೆ ಬರೋವ್ರು ಯಾರು ಅನ್ನೋದೂ ಅವತ್ತೇ ತೀರ್ಮಾನ ಆಗಲಿ. ಗುಂಪು ಕೆಲಸಕ್ಕೆ ಬರೋದು ಇಲ್ಲಿ. ಮನಸ್ಸಿನ ಮಾತನ್ನ ಇನ್ನೂರು ಜನರಿಗೆ ಹೇಳಬೇಡಿ, ಅವರಲ್ಲಿ ಒಬ್ಬ ಅಕ್ಕನನ್ನ "ಮಂಗಳವಾರ ಆಸ್ಪತ್ರೆಗೆ ಜೊತೆಗೆ ಬರ್ತೀರಾ?" ಅಂತ ಕೇಳಿ.

ಗುಂಪಲ್ಲಿರೋ ಮಿಕ್ಕವರಿಗೆ ಒಂದು ಮಾತು. ಒಂದೂವರೆ ರಾತ್ರೀಲಿ ಫೋಟೊ ಬಂದ್ರೆ ಅವರಿಗೆ ಒಬ್ಬರಿಗೇ ಮೆಸೇಜು ಮಾಡಿ. ನಿದ್ದೆ ಹತ್ತೋದೇ ಇಲ್ವಾ, ಇಲ್ಲಾ ಹತ್ತಿ ಮೂರಕ್ಕೆ ಎಚ್ಚರ ಆಗುತ್ತಾ, ಎಷ್ಟು ದಿನದಿಂದ ಅಂತ ಕೇಳಿ. ಹತ್ತದೇ ಇರೋದರ ಹಿಂದೆ ಹೆಚ್ಚಾಗಿ ಆತಂಕ, ಬೆಳಗಿನ ಜಾವ ಎಚ್ಚರ ಆಗೋದರ ಹಿಂದೆ ಹೆಚ್ಚಾಗಿ ಖಿನ್ನತೆ. ಸಾಯೋ ಯೋಚನೆ ಬರ್ತಿದ್ಯಾ ಅಂತಲೂ ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ್ದು ತಲೆಗೆ ಹೋಗುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಎಲೆ ಮೇಲಕ್ಕೋ ಕೆಳಕ್ಕೋ ಅಂತ ಕೇಳೋಕೆ ಬರುತ್ತಲ್ಲ ನಿಮಗೆ, ಇದೂ ಬರುತ್ತೆ.