ಬಲಿಪೂಜೆಯ ‘ಬಲಿ’ಯನ್ನು ಮಕ್ಕಳಿಗೆ ಹೇಳಿಕೊಡುವಾಗ

ಕಥೋಲಿಕ ಚರ್ಚಿನಲ್ಲಿ ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಪೂಜೆಯ ರೊಟ್ಟಿಯನ್ನು ಯೇಸುಸ್ವಾಮಿಯ ದೇಹವಾಗಿ ಮೊದಲ ಸಲ ಸ್ವೀಕರಿಸಲು, ತಯಾರಾಗುತ್ತಿರುವ ಏಳೆಂಟು ವರ್ಷದ ಮಕ್ಕಳನ್ನು ಸುತ್ತ ಕೂರಿಸಿಕೊಂಡು ‘ಬಲಿ ಅಂದ್ರೆ ಏನು?’ ಅಂತ ಕೇಳಿ ನೋಡಿ. ಒಬ್ಬಳು ಮಾರಮ್ಮನ ಜಾತ್ರೆಯಲ್ಲಿ ಕಡಿಯುವ ಕೋಳಿ ಅನ್ನುತ್ತಾಳೆ. ಇನ್ನೊಬ್ಬನಿಗೆ ದೀಪಾವಳಿಯ ಬಲಿ ಚಕ್ರವರ್ತಿ ನೆನಪಾಗುತ್ತಾನೆ. ಟೀವಿ ಸುದ್ದಿ ಕೇಳುತ್ತಾ ಬೆಳೆದ ಮಗು ‘ಅಪಘಾತಕ್ಕೆ ಮೂವರು ಬಲಿ’ ಅನ್ನುತ್ತದೆ. ಮೂರೂ ಸರಿಯಾದ ಕನ್ನಡವೇ. ಆದರೆ ಪ್ರತಿ ಭಾನುವಾರ ಚರ್ಚಿನ ಪೂಜೆಗೆ (ಮಾಸ್) ನಾವು ಬಾಯಿತುಂಬ ಹೇಳುವ ‘ಬಲಿಪೂಜೆ’ ಎಂಬ ಹೆಸರಿನ ಒಳಗೆ ಈ ಮೂರರಲ್ಲಿ ಯಾವುದನ್ನು ಇಟ್ಟುಕೊಂಡರೂ ಮಗು ದಾರಿ ತಪ್ಪುತ್ತದೆ. ಸಾಯುವುದು, ಕಳೆದುಕೊಳ್ಳುವುದು, ಸಿಟ್ಟಾದ ದೇವರನ್ನು ಸಮಾಧಾನ ಮಾಡುವುದು ಎಂಬ ಚಿತ್ರವೇ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಹಾಗಾಗಿ ಪಾಠ ಶುರುವಾಗಬೇಕಾದದ್ದು ‘ಕೊಡುವುದು’ ಎಂಬ ಮಾತಿನಿಂದ. ಪ್ರೀತಿಯಿಂದ, ತಾನಾಗಿಯೇ, ತನ್ನದನ್ನು ಕೊಡುವುದು. ‘ಬಲಿ’ ಎಂಬ ಮಾತು ಎರಡನೇ ವಾರಕ್ಕೆ ಬಂದರೆ ಸಾಕು.

ಕರಾವಳಿಯ ಮಕ್ಕಳಾದರೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಸೆಪ್ಟೆಂಬರ್ 8ರ ತೆನೆ ಹಬ್ಬದಲ್ಲಿ ಹೊಸ ಭತ್ತದ ತೆನೆ ಚರ್ಚಿಗೆ ಬರುತ್ತದೆ, ಫಾದರ್ ಆಶೀರ್ವದಿಸುತ್ತಾರೆ, ಮನೆಗೆ ತಂದು ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ. ಮೊದಲ ಫಲವನ್ನು ದೇವರ ಮುಂದಿಟ್ಟರು. ಅದೇ ಊಟವಾಗಿ ಮರಳಿ ಬಂತು. ಅದನ್ನು ಹಂಚಿಕೊಂಡದ್ದರಿಂದ ಮನೆ ಒಂದಾಯಿತು. ಪೂಜೆ ಬಲಿಯೂ ಹೌದು, ಭೋಜನವೂ ಹೌದು ಎಂದು ದೊಡ್ಡವರಿಗೆ ಬಿಡಿಸಿ ಹೇಳಲು ಪುಟಗಟ್ಟಲೆ ಬೇಕು. ತೆನೆ ಹಬ್ಬ ಕಂಡ ಮಗುವಿಗೆ ‘ಅಲ್ಲಿ ಕಾಳು, ಇಲ್ಲಿ ಯೇಸುಸ್ವಾಮಿ ತಮ್ಮನ್ನೇ ಕೊಟ್ಟರು’ ಅಂದರೆ ಹಿಡಿತ ಸಿಗುತ್ತದೆ. ಬಯಲುಸೀಮೆಯಲ್ಲಿ ಸುಗ್ಗಿಯ ಹೊತ್ತಿಗೆ ಚರ್ಚಿಗೆ ತರುವ ಮೊದಲ ರಾಗಿ ತೆನೆಯಿಂದಲೂ ಇದನ್ನೇ ಹೇಳಬಹುದು.

ನಂತರ ಗೋಧಿಗೆ ಬನ್ನಿ. ಅಕ್ಕಿ, ರಾಗಿ ಊಟದ ಮಕ್ಕಳಿಗೆ ಇದು ಹೇಳಿದರೆ ಮಾತ್ರ ಗೊತ್ತಾಗುತ್ತದೆ: ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನಿನ ಪ್ರಕಾರ ಪೂಜೆಯ ರೊಟ್ಟಿ ಗೋಧಿಯದ್ದೇ ಆಗಿರಬೇಕು, ಹೊಸದಾಗಿ ಮಾಡಿರಬೇಕು, ರಸ ದ್ರಾಕ್ಷಿಯದ್ದೇ ಆಗಿರಬೇಕು, ಕೆಟ್ಟಿರಬಾರದು. ಓಸ್ತಿಗೆ, ಅಂದರೆ ಪೂಜೆಯ ಆ ತೆಳು ರೊಟ್ಟಿಗೆ, ಗೋಧಿಹಿಟ್ಟು ಮತ್ತು ನೀರು, ಅಷ್ಟೇ. ಉಪ್ಪಿಲ್ಲ, ಎಣ್ಣೆಯಿಲ್ಲ, ಹುಳಿಯಿಲ್ಲ. ಎರಡು ಬಿಸಿ ಹಂಚುಗಳ ನಡುವೆ ತೆಳ್ಳಗೆ ಬೇಯಿಸಿ, ಕತ್ತರಿಸುವಾಗ ಪುಡಿಯಾಗದಂತೆ ಸ್ವಲ್ಪ ತೇವ ಹೀರಲು ಬಿಟ್ಟು, ಆಮೇಲೆ ದುಂಡಗೆ ಕತ್ತರಿಸುತ್ತಾರೆ.

ಗೋಧಿಯ ಪಾಠಕ್ಕೆ ಹದಿನೈದು ದಿನ ಮೀಸಲಿಡಿ. ಒಂದು ಮಗುವಿಗೆ ಹತ್ತು ಕಾಳು. ಇಡೀ ಕಾಳನ್ನೇ ಆರಿಸಿ. ಒಡೆದದ್ದು, ಹುಳು ಹಿಡಿದದ್ದು ಮೊಳೆಯುವುದಿಲ್ಲ. ರಾತ್ರಿ ಎಂಟು ಗಂಟೆ ನೆನೆಸಿ, ತೂತಿರುವ ಲೋಟದ ಮಣ್ಣಿನಲ್ಲಿ ಬೆರಳಿನ ಅರ್ಧ ಗೆಣ್ಣಿನಷ್ಟು ಆಳಕ್ಕೆ ಊರಿಸಿ. ಮಕ್ಕಳು ಪ್ರೀತಿ ಹೆಚ್ಚಾಗಿ ದಿನಕ್ಕೆ ನಾಲ್ಕು ಸಲ ನೀರು ಹಾಕುತ್ತಾರೆ, ಕಾಳು ಕೊಳೆತು ನಾರುತ್ತದೆ. ಬೆಳಿಗ್ಗೆ ಒಂದೆರಡು ಚಮಚ ಸಾಕು. ಐದನೇ ದಿನಕ್ಕೆ ಹಸಿರು ಕಾಣುತ್ತದೆ. ಹನ್ನೆರಡನೇ ದಿನದ ಹೊತ್ತಿಗೆ ಒಂದು ಸಸಿಯನ್ನು ಬುಡಸಮೇತ ಮೆಲ್ಲಗೆ ಎಬ್ಬಿಸಿ ನೀರಿನಲ್ಲಿ ತೊಳೆಯಿರಿ. ಬೇರಿಗೂ ಕಾಂಡಕ್ಕೂ ನಡುವೆ ಹಳೆಯ ಕಾಳು ಇನ್ನೂ ಅಂಟಿಕೊಂಡಿರುತ್ತದೆ. ಅದನ್ನು ಮಗುವಿನ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿಸಿ. ಚಪ್ಪಟೆಯಾಗುತ್ತದೆ. ಒಳಗೆ ಹಿಟ್ಟಿಲ್ಲ, ಬರೀ ಸಿಪ್ಪೆ. ‘ಹಿಟ್ಟೆಲ್ಲ ಎಲ್ಲಿಗೆ ಹೋಯಿತು?’ ಅಂತ ಕೇಳಿ, ಉತ್ತರವನ್ನು ನೀವೇ ಹೇಳಬೇಡಿ. ಮಗು ಹಸಿರು ಎಲೆಯನ್ನು ತೋರಿಸುತ್ತದೆ. ಆ ಕ್ಷಣದಲ್ಲಿ ಸಂತ ಯೊವಾನ್ನರ ಶುಭಸಂದೇಶ 12:24 ತೆಗೆದು ಓದಿ. ಗೋಧಿಯ ಕಾಳು ನೆಲಕ್ಕೆ ಬಿದ್ದು ಸಾಯದಿದ್ದರೆ ಒಂದಾಗಿಯೇ ಉಳಿಯುತ್ತದೆ ಎಂಬ ಮಾತಿಗೆ ಆಗ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಬೈಬಲ್ ಕಥೆಗಳನ್ನು ಆರಿಸುವಾಗ ಕ್ರಮ ಮುಖ್ಯ. ಮೊದಲು ಐದು ಜವೆಗೋಧಿ ರೊಟ್ಟಿ, ಎರಡು ಮೀನು ಕೊಟ್ಟ ಹುಡುಗ. ಆಮೇಲೆ ಎರಡು ಕಾಸು ಹಾಕಿದ ಬಡ ವಿಧವೆ. ಅದಾದ ಮೇಲೆ ಪಾಸ್ಕದ (ಯೆಹೂದ್ಯರ ಬಿಡುಗಡೆಯ ಹಬ್ಬದ) ಕುರಿಮರಿ, ಕೊನೆಯ ಭೋಜನ, ಶಿಲುಬೆ. ದೇವರ ಮಾತಿಗೆ ಮಗನನ್ನೇ ಬಲಿ ಕೊಡಲು ಹೊರಟ ಅಬ್ರಹಾಮ ಮತ್ತು ಆ ಮಗ ಇಸಾಕನ ಕಥೆಯಿಂದ ಶುರು ಮಾಡಲೇಬೇಡಿ. ‘ದೇವರು ಹೇಳಿದರೆ ಅಪ್ಪ ನನ್ನನ್ನೂ ಕೊಲ್ಲುತ್ತಾನಾ’ ಎಂಬ ಪ್ರಶ್ನೆ ಮಗುವಿನ ಬಾಯಲ್ಲಿ ಬರದೇ ಇರಬಹುದು, ರಾತ್ರಿ ನಿದ್ದೆಯಲ್ಲಿ ಬರುತ್ತದೆ.

ಕನ್ನಡದ ಮಕ್ಕಳಿಗೆ ಬಲಿ ಎಂದರೆ ಇನ್ನೊಂದು ಕಥೆಯೂ ಥಟ್ಟನೆ ನೆನಪಾಗುತ್ತದೆ: ಕೊಟ್ಟ ಮಾತಿಗಾಗಿ ಹುಲಿಯ ಮುಂದೆ ಮರಳಿ ಬಂದು ನಿಂತ ಹಸು. ಯೇಸುಸ್ವಾಮಿಯನ್ನು ಯಾರೋ ಎಳೆದುಕೊಂಡು ಹೋದದ್ದಲ್ಲ, ಅವರು ತಾವಾಗಿಯೇ ಬಂದರು ಅಂತ ಹೇಳಲು ಅದು ತುಂಬ ಚೆನ್ನಾಗಿ ಒದಗುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಿ. ಮುಂದೆ ಎಳೆದರೆ ಮಗು ‘ಹಾಗಾದ್ರೆ ಇಲ್ಲಿ ಹುಲಿ ಯಾರು?’ ಅಂತ ಲೆಕ್ಕ ಹಾಕುತ್ತದೆ, ಆ ಜಾಗದಲ್ಲಿ ತಂದೆಯಾದ ದೇವರನ್ನು ಕೂರಿಸಿಬಿಡುತ್ತದೆ. ರಕ್ತಕ್ಕಾಗಿ ಹಸಿದ ದೇವರಲ್ಲ, ಪ್ರೀತಿಯಿಂದ ಮಗನನ್ನೇ ಕಳಿಸಿಕೊಟ್ಟ ತಂದೆ ಎಂಬುದನ್ನು ಅಂದೇ, ಅದೇ ತರಗತಿಯಲ್ಲಿ ಬಾಯಿಬಿಟ್ಟು ಹೇಳಬೇಕು.

ಇನ್ನು ಮಗುವಿನ ಸ್ವಂತ ತ್ಯಾಗ. ಧರ್ಮಸಭೆಯ ಉಪವಾಸದ ದಿನಗಳ ನಿಯಮ 18 ವರ್ಷಕ್ಕೆ ಮೊದಲು ಅನ್ವಯಿಸುವುದಿಲ್ಲ, ಮಾಂಸ ಬಿಡುವ ನಿಯಮ 14ರ ನಂತರದ್ದು. ಬೆಳೆಯುವ ಮಗುವಿನ ಊಟಕ್ಕೆ ಕೈ ಹಾಕಬೇಡಿ. ಆರಿಸಿಕೊಳ್ಳುವ ತ್ಯಾಗ ಮಗುವಿನ ಕೈಲಾಗುವಷ್ಟು ಚಿಕ್ಕದಿರಲಿ, ಅದರಿಂದ ಇನ್ನೊಬ್ಬರಿಗೆ ಏನಾದರೂ ಸಿಗಲಿ. ‘ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ನಲವತ್ತು ದಿನ) ಪೂರ್ತಿ ಚಾಕೊಲೇಟ್ ಬಿಟ್ಟೆ’ ಎಂಬುದಕ್ಕಿಂತ ‘ಕಿಟಕಿ ಪಕ್ಕದ ಸೀಟನ್ನು ತಮ್ಮನಿಗೆ ಬಿಟ್ಟುಕೊಟ್ಟೆ’ ಎಂಬುದು ಎಷ್ಟೋ ಪಾಲು ಒಳ್ಳೆಯದು, ಯಾಕೆಂದರೆ ಅಲ್ಲಿ ಬಿಟ್ಟದ್ದು ಕೊಟ್ಟದ್ದಾಯಿತು. ಚಾಕೊಲೇಟೇ ಬೇಕೆಂದರೆ ಆ ಐದು ರೂಪಾಯಿ ಮಗುವಿನ ಕೈಯಿಂದಲೇ ಕಾಣಿಕೆ ಚೀಲಕ್ಕೆ ಬೀಳಲಿ. ಪೂಜೆಯ ನಡುವೆ ಅಪ್ಪ ಜೇಬಿನಿಂದ ಹತ್ತರ ನೋಟು ತೆಗೆದು ಮಗುವಿಗೆ ತುರುಕುವುದರಲ್ಲಿ ಮಗು ಕೊಟ್ಟದ್ದು ಏನೂ ಇಲ್ಲ.

ಎಣಿಸಲು ಮಣಿಸರ ಒಳ್ಳೆಯ ಸಾಧನ. ಬಾಲಯೇಸುವಿನ ಸಂತ ತೆರೇಸಾ ನಾಲ್ಕು ವರ್ಷದ ಮಗುವಾಗಿದ್ದಾಗ ಜೇಬಿಗೆ ಕೈಹಾಕಿ, ಒಂದೊಂದು ತ್ಯಾಗಕ್ಕೆ ಒಂದೊಂದು ಮಣಿ ಜರುಗಿಸುತ್ತಿದ್ದಳು. 75 ಸೆಂಟಿಮೀಟರ್ ಉದ್ದದ, ಒಂದು ಮಿಲಿಮೀಟರ್ ದಪ್ಪದ, ಮೇಣ ಸವರಿದ ಹತ್ತಿ ದಾರ ತೆಗೆದುಕೊಳ್ಳಿ. ನಡುವೆ ಮಡಚಿ, ಮಡಿಕೆಯಲ್ಲಿ ಪುಟ್ಟ ಶಿಲುಬೆ ಸಿಕ್ಕಿಸಿ. ಹತ್ತು ಮಣಿಗಳಲ್ಲಿ ಪ್ರತಿಯೊಂದಕ್ಕೂ ದಾರದ ಒಂದು ತುದಿ ಎಡದಿಂದ, ಇನ್ನೊಂದು ಬಲದಿಂದ ನುಗ್ಗಬೇಕು. ಎರಡೂ ತುದಿ ಒಂದೇ ಕಡೆಯಿಂದ ಹೋದರೆ ಮಣಿ ನಿಲ್ಲುವುದಿಲ್ಲ, ಜಾರಿ ಕೆಳಗೆ ಬರುತ್ತದೆ. ಮಣಿಯ ತೂತು ಎರಡು ಮಿಲಿಮೀಟರ್ ಇರಲಿ. ನೈಲಾನ್ ದಾರ ನುಣುಪು, ಹಿಡಿತ ಸಿಗದು. ಕೊನೆಗೆ ಎರಡು ತುದಿಗಳನ್ನೂ ಸೇರಿಸಿ ಗಂಟು.

ಇದು ಕೆಡುವುದು ಮಣಿಯಿಂದಲ್ಲ, ನಮ್ಮಿಂದ. ‘ನಿನ್ನದೆಷ್ಟಾಯಿತು?’ ಅಂತ ತರಗತಿಯಲ್ಲಿ ಕೇಳಿದ ದಿನವೇ ಅದು ಪಂದ್ಯವಾಗುತ್ತದೆ. ಗೋಡೆಯ ಮೇಲೆ ಹೆಸರು ಬರೆದು ನಕ್ಷತ್ರ ಅಂಟಿಸುವ ಚಾರ್ಟು ಅದಕ್ಕಿಂತ ಕೆಟ್ಟದ್ದು. ಲೆಕ್ಕ ದೇವರಿಗೂ ಮಗುವಿಗೂ ಬಿಟ್ಟದ್ದು. ‘ಇಷ್ಟು ತ್ಯಾಗ ಮಾಡಿದ್ರೆ ಪರೀಕ್ಷೆ ಪಾಸಾಗ್ತೀನಾ’ ಎಂಬ ಮಾತು ಕೇಳಿಸಿದರೆ ಮಗು ಹರಕೆಯ ಲೆಕ್ಕ ಹಾಕುತ್ತಿದೆ ಅಂತ ತಿಳಿಯಿರಿ. ಬೈಯದೆ, ‘ಅಮ್ಮನಿಗೆ ಮುತ್ತು ಕೊಡುವಾಗ ಏನು ಕೇಳುತ್ತೀಯ?’ ಅಂತ ಕೇಳಿ.

ವಾರವಿಡೀ ಜರುಗಿದ ಆ ಮಣಿಗಳು ಭಾನುವಾರ ಎಲ್ಲಿಗೆ ಹೋಗಬೇಕು? ಇದನ್ನು ತೋರಿಸದಿದ್ದರೆ ತ್ಯಾಗ ಒಂದು ಕಡೆ, ಪೂಜೆ ಇನ್ನೊಂದು ಕಡೆ ಉಳಿದುಬಿಡುತ್ತವೆ. ಕಾಣಿಕೆ ಅರ್ಪಣೆಯ ಹೊತ್ತಿನಲ್ಲಿ ಫಾದರ್ ಪಾನಪಾತ್ರೆಯ ದ್ರಾಕ್ಷಾರಸಕ್ಕೆ ಒಂದು ತೊಟ್ಟು ನೀರು ಬೆರೆಸುತ್ತಾರೆ. ಮೂರನೇ ಶತಮಾನದ ಕಾರ್ತೇಜಿನ ಸಂತ ಸಿಪ್ರಿಯನ್ನರು ಆಗಲೇ ವಿವರಿಸಿದ್ದರು: ರಸ ಕ್ರಿಸ್ತರು, ನೀರು ನಾವು. ತರಗತಿಯಲ್ಲಿ ಗಾಜಿನ ಲೋಟಕ್ಕೆ 100 ಮಿಲಿಲೀಟರ್ ಕಪ್ಪು ದ್ರಾಕ್ಷಿಯ ರಸ ಹಾಕಿ, ಮಗುವಿನ ಕೈಗೆ ಔಷಧಿಯ ಡ್ರಾಪರ್ ಕೊಟ್ಟು ಒಂದೇ ತೊಟ್ಟು ನೀರು ಬಿಡಿಸಿ. ‘ಈಗ ಅದನ್ನು ಮತ್ತೆ ಹೊರಗೆ ತೆಗಿ’ ಅನ್ನಿ. ಮಕ್ಕಳು ನಿಜವಾಗಿಯೂ ಪ್ರಯತ್ನಿಸುತ್ತಾರೆ, ಪ್ರಯತ್ನಿಸಲಿ. ಮುಂದಿನ ಭಾನುವಾರ ಅವರನ್ನು ಮುಂದಿನ ಸಾಲಿನಲ್ಲಿ, ನೀರು-ರಸದ ಕುಪ್ಪಿಗಳಿರುವ ಮೇಜಿನ ಕಡೆಗೆ ಕೂರಿಸಿ. ಹಿಂದಿನ ಬೆಂಚಿನಿಂದ ಆ ತೊಟ್ಟು ಕಾಣುವುದೇ ಇಲ್ಲ. ಆ ಕ್ಷಣಕ್ಕೆ ಮನಸ್ಸಿನಲ್ಲಿ ಹೇಳಿಕೊಳ್ಳಲು ಒಂದೇ ವಾಕ್ಯ ಸಾಕು: ‘ಯೇಸುವೇ, ನನ್ನದನ್ನೂ ಸೇರಿಸಿಕೊಳ್ಳಿ.’

ಇಷ್ಟಾದ ಮೇಲೆ ಪ್ರಶ್ನೆಗಳು ಬರುತ್ತವೆ. ‘ಪ್ರತಿ ಪೂಜೆಯಲ್ಲೂ ಯೇಸು ಮತ್ತೆ ಸಾಯುತ್ತಾರಾ?’ ಇಲ್ಲ. ಸತ್ತದ್ದು ಒಂದೇ ಸಲ. ಅದೇ ಬಲಿ ಪೀಠದ ಮೇಲೆ ನಮ್ಮೆದುರು ಬರುತ್ತದೆ. ಕಿಟಕಿ ತೆರೆದಾಗ ಹೊಸ ಸೂರ್ಯ ಹುಟ್ಟುವುದಿಲ್ಲ, ಅದೇ ಸೂರ್ಯನ ಬಿಸಿಲು ನಮ್ಮ ಮನೆಯೊಳಗೆ ಬರುತ್ತದೆ. ‘ಕಚ್ಚಿದರೆ ಅವರಿಗೆ ನೋವಾಗುತ್ತಾ, ರಕ್ತ ಬರುತ್ತಾ?’ ಈ ಭಯ ನಿಜವಾದದ್ದು, ನಗಬೇಡಿ. ಪುನರುತ್ಥಾನರಾದ ಯೇಸುಸ್ವಾಮಿಗೆ ಇನ್ನು ನೋವೂ ಇಲ್ಲ, ಸಾವೂ ಇಲ್ಲ. ಓಸ್ತಿಯನ್ನು ಮುರಿದರೂ ಪ್ರತಿ ಚೂರಿನಲ್ಲೂ ಅವರು ಪೂರ್ತಿಯಾಗಿ ಇರುತ್ತಾರೆ. ರಕ್ತ ಸುರಿದ ಓಸ್ತಿಯ ಪವಾಡಗಳ ಚಿತ್ರಗಳನ್ನು ಈ ವಯಸ್ಸಿಗೆ ತೋರಿಸುವುದು ಬೇಡ. ವಿಶ್ವಾಸ ಬೆಳೆಯುವ ಬದಲು ಬಾಯಿ ತೆರೆಯಲು ಹೆದರುವ ಮಗು ಸಿಗುತ್ತದೆ.

ಸ್ವೀಕರಿಸುವ ಅಭ್ಯಾಸಕ್ಕೆ ಪವಿತ್ರೀಕರಿಸದ ಓಸ್ತಿಗಳನ್ನು ಫಾದರ್ ಹತ್ತಿರ ಕೇಳಿ ತನ್ನಿ. ‘ಇದು ಇನ್ನೂ ಬರೀ ರೊಟ್ಟಿ’ ಅಂತ ಪ್ರತಿ ಸಲವೂ ಹೇಳಿ. ಸಿಹಿ ನಿರೀಕ್ಷಿಸಿದ ಮಗು ಮುಖ ಕಿವುಚುತ್ತದೆ. ಆ ಮುಖ ಅಭ್ಯಾಸದ ದಿನವೇ ಆಗಿಹೋಗಲಿ. ನಾಲಿಗೆ ಒಣಗಿದ್ದರೆ ಓಸ್ತಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಮಗು ಬೆರಳು ಹಾಕುತ್ತದೆ. ಬೆರಳು ಬೇಡ, ಎಂಜಲಿನಲ್ಲಿ ನೆನೆಯುವವರೆಗೆ ಬಿಟ್ಟರೆ ತಾನೇ ಕಳಚುತ್ತದೆ ಅಂತ ಹೇಳಿಕೊಡಿ.

ಕೈಯಲ್ಲಿ ಸ್ವೀಕರಿಸುವ ರೂಢಿಯಿರುವ ಚರ್ಚುಗಳಲ್ಲಿ ನಮ್ಮ ಮಕ್ಕಳಿಗೆ ಒಂದು ವಿಶೇಷ ತೊಡಕಿದೆ. ಪ್ರಸಾದಕ್ಕೆ ಎಡಗೈ ಚಾಚಬಾರದು ಎಂದು ಕೇಳುತ್ತಲೇ ಬೆಳೆದವರು ಅವರು. ಬಲಗೈಯ ಮೇಲೆ ಎಡಗೈ ಇಡು ಅಂದರೆ ಕೊನೆಯ ಗಳಿಗೆಯಲ್ಲಿ ಕೈ ಅದಲುಬದಲಾಗುತ್ತದೆ, ಓಸ್ತಿ ಜಾರುತ್ತದೆ. ಎಡಗೈ ಪೀಠ, ಎತ್ತಿಕೊಳ್ಳುವುದು ಬಲಗೈಯೇ ಅಂತ ವಿವರಿಸಿ. ಎಡಚ ಮಗುವಿಗೆ ತಿರುವುಮುರುವು. ಆಮೆನ್ ಅಂದು, ಫಾದರ್ ಎದುರಲ್ಲೇ ಬಾಯಿಗೆ ಹಾಕಿಕೊಂಡು, ಅಂಗೈಯಲ್ಲಿ ಚೂರು ಉಳಿದಿದೆಯಾ ನೋಡಿ, ಆಮೇಲೆ ಹೆಜ್ಜೆ. ಮನೆಯಲ್ಲಿರುವ ತಂಗಿಗೆ ತೋರಿಸಲು ಮುಷ್ಟಿಯಲ್ಲಿ ಹಿಡಿದು ನಡೆಯುವ ಮಗು ಪ್ರತಿ ತಂಡದಲ್ಲೂ ಒಂದಾದರೂ ಇರುತ್ತದೆ. ಕೆಳಗೆ ಬಿದ್ದರೆ ಅಲ್ಲೇ ನಿಲ್ಲು, ತುಳಿಯಬೇಡ, ಫಾದರ್ ಎತ್ತಿಕೊಳ್ಳುತ್ತಾರೆ, ನಿನ್ನನ್ನು ಯಾರೂ ಬೈಯುವುದಿಲ್ಲ ಅಂತ ಮೊದಲೇ ಹೇಳಿಡಿ.

ಪರಮಪ್ರಸಾದಕ್ಕೆ ಮೊದಲು ಮಕ್ಕಳೂ ಪಾಲಿಸುವ ಒಂದು ಗಂಟೆಯ ಉಪವಾಸವನ್ನು ಲೆಕ್ಕ ಹಾಕುವುದು ಪೂಜೆ ಶುರುವಾಗುವ ಹೊತ್ತಿನಿಂದಲ್ಲ, ಪರಮಪ್ರಸಾದ ಸ್ವೀಕರಿಸುವ ಹೊತ್ತಿನಿಂದ ಹಿಂದಕ್ಕೆ. ನೀರಿಗೂ ಔಷಧಿಗೂ ಅಡ್ಡಿಯಿಲ್ಲ. ಏಳೂವರೆಯ ಪೂಜೆಗೆ ಹೋಗುವ ಮಗು ಆರೂವರೆಗೆ ಒಂದು ಲೋಟ ಹಾಲು, ಎರಡು ಇಡ್ಲಿ ತಿಂದು ಹೊರಡಬಹುದು. ಬಿಳಿ ಬಟ್ಟೆ, ಮೇಣದ ಬತ್ತಿ, ಕ್ಯಾಮೆರಾಗಳ ನಡುವೆ ಖಾಲಿ ಹೊಟ್ಟೆಯಲ್ಲಿ ತಲೆಸುತ್ತಿ ಬೀಳುವ ಮಕ್ಕಳಿಗೆ ಬೇಕಾಗಿದ್ದದ್ದು ಆ ಎರಡು ಇಡ್ಲಿ.