ಕಣಗಿನಹಾಳಕ್ಕೆ ಹೋಗಿ ಬಂದದ್ದು

ಎಳ್ಳ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ, ಗದಗಿನ ಹತ್ತಿರದ ಕಣಗಿನಹಾಳಕ್ಕೆಂದು ಬಸ್ಸು ಹತ್ತಿ ಹುಬ್ಬಳ್ಳಿ ಬಿಟ್ಟೆ. ಅಣ್ಣಿಗೇರಿ ದಾಟಿದರೂ ಎರಡೂ ಬದಿ ಎರಿ ಹೊಲವೇ. ಕಡಲೆ ಹಸಿರಾಗಿ ಹಬ್ಬಿತ್ತು, ನಡುನಡುವೆ ಕುಸುಬಿ, ಬಿಳಿಜೋಳ. ಹುಲಕೋಟಿ ಬರುವಷ್ಟರಲ್ಲಿ ಪಕ್ಕದ ಸೀಟಿನ ಹಿರಿಯರು ಬುತ್ತಿ ಬಿಚ್ಚಿ, ಹಿಂದಿನ ದಿನ ಹೊಲಕ್ಕೆ ಚರಗ ಚೆಲ್ಲಿ ಉಳಿದ ಸಜ್ಜಿ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ನನ್ನ ಕೈಗಿಟ್ಟರು. ಬೇಡವೆಂದರೆ ಕೇಳುವವರಲ್ಲ.

ನಾನು ಬ್ಯಾಟರಿ ರಿಪೇರಿ ಮಾಡುವವನು. ತಾಯಿಯ ತವರೂರಲ್ಲಿ ಕೆಲವು ವರ್ಷಗಳ ಹಿಂದೆ ಸೋಲಾರ್ ಬೀದಿದೀಪ ಹಾಕಿದರು. ಎರಡು ಮಳೆಗಾಲ ಉರಿದವು, ಆಮೇಲೆ ಒಂದೊಂದಾಗಿ ಆರಿದವು. ನೋಡಲು ಹೋದಾಗ ಬ್ಯಾಟರಿಗಳು ಒಣಗಿ ಕೂತಿದ್ದವು. ವರ್ಷಗಟ್ಟಲೆ ಯಾರೂ ಡಿಸ್ಟಿಲ್ಡ್ ನೀರು ಹಾಕಿರಲಿಲ್ಲ, ಅದು ಯಾರ ಕೆಲಸವೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪ್ಯಾನೆಲ್ ಮಾತ್ರ ಹೊಸದರಂತೆ ಇದ್ದವು. ಹೊರಗಿನ ತಂತಿ ಮುಟ್ಟದ ಕಡೆ ಊರವರೇ ಕರೆಂಟನ್ನು ಹೇಗೆ ನೋಡಿಕೊಳ್ಳುತ್ತಾರೆ? ಆ ಸಂಕಟವೇ ನನ್ನನ್ನು ದ್ವೀಪಗಳ ಬಗ್ಗೆ ಓದಲು ಹಚ್ಚಿತು.

ದ್ವೀಪದಲ್ಲಿ ಕರೆಂಟು ಎಂದರೆ ಹಡಗಿನಲ್ಲಿ ಬರುವ ಡೀಸೆಲ್. ಲಕ್ಷದ್ವೀಪಕ್ಕೆ ಅದು ಕೇರಳದ ಕರಾವಳಿಯಿಂದ ಹೋಗಬೇಕು. ಪೆಸಿಫಿಕ್ ಸಾಗರದ ಟೊಕೆಲಾವ್‌ಗೆ ಸಮೋವಾದಿಂದ ಹಡಗಿನಲ್ಲಿ ಒಂದು ದಿನಕ್ಕೂ ಹೆಚ್ಚಿನ ದಾರಿ. ಟೊಕೆಲಾವ್ ಎಂದರೆ ಮೂರೇ ಹವಳದ ದ್ವೀಪ. 2012ರಲ್ಲಿ ಅಲ್ಲಿನವರು ನಾಲ್ಕು ಸಾವಿರ ಪ್ಯಾನೆಲ್ ಕೂರಿಸಿ ಡೀಸೆಲ್ ಅನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟರು. ಸ್ಕಾಟ್ಲೆಂಡಿನ ಐಗ್ ದ್ವೀಪದವರು 1997ರಲ್ಲಿ ದ್ವೀಪವನ್ನೇ ಕೊಂಡರು, 2008ರಲ್ಲಿ ತಮ್ಮದೇ ಕರೆಂಟಿನ ಜಾಲ ಎಳೆದರು. ನೀರು, ಗಾಳಿ, ಬಿಸಿಲು ಮೂರೂ ಸೇರಿ ಅದು ನಡೆಯುತ್ತದೆ. ಒಂದು ಮನೆ ಒಮ್ಮೆಗೆ 5 ಕಿಲೋವ್ಯಾಟಿಗಿಂತ ಹೆಚ್ಚು ಎಳೆಯುವಂತಿಲ್ಲ, ಶ್ರೀಮಂತನಾದರೂ ಅಷ್ಟೇ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಬಂಗಾಳದ ಸಾಗರ ದ್ವೀಪ. 1996ರಲ್ಲಿ ಅಲ್ಲಿನ ಕಮಲಪುರದಲ್ಲಿ 26 ಕಿಲೋವ್ಯಾಟಿನ ಪುಟ್ಟ ಸೋಲಾರ್ ಘಟಕ ಶುರುವಾಯಿತು. ಸಂಜೆಯ ಕೆಲವು ತಾಸು ಬೆಳಕು. ಬಿಲ್ಲು ವಸೂಲಿ ಊರಿನವರದೇ ಸಹಕಾರ ಸಂಘಕ್ಕೆ ಸೇರಿದ್ದು.

ಸಹಕಾರ ಸಂಘ ಎಂದಾಗ ನಮ್ಮ ಕಡೆಯವರಿಗೆ ನೆನಪಾಗಬೇಕಾದದ್ದು ಕಣಗಿನಹಾಳ. ಇಷ್ಟು ಹತ್ತಿರವಿದ್ದೂ ಒಮ್ಮೆಯೂ ಹೋಗಿರಲಿಲ್ಲ. ಗದಗಿನಲ್ಲಿ ವೀರನಾರಾಯಣನಿಗೆ ಕೈಮುಗಿದು ಬಸ್ಸು ಬದಲಿಸಿದೆ.

1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಲ್ಲಿ ಕಟ್ಟಿದ ಪತ್ತಿನ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಇಂಥ ಸಂಘ ಕಟ್ಟಲು ಅವಕಾಶ ಕೊಟ್ಟ ಸಹಕಾರ ಕಾಯ್ದೆ ಬಂದು ಆಗಿನ್ನೂ ಒಂದು ವರ್ಷ. ಊರು ಮಾತ್ರ ಎಲ್ಲ ಊರಿನಂತೆಯೇ ಇದೆ. ಕಟ್ಟೆ, ಬೇವಿನಮರ, ಕಣಿಕೆಯ ಬಣವೆ. ಕಟ್ಟೆಯ ಮೇಲಿದ್ದ ಅಜ್ಜನೊಬ್ಬನಿಗೆ ನಾನು ದ್ವೀಪದ ಕತೆ ಹೇಳಿದೆ. ಆತ ಬಹಳ ಹೊತ್ತು ಕೇಳಿ, "ಅಂದ್ರ ಆ ಡೀಸೆಲ್ ಹಡಗ ಅವರ ಪಾಲಿಗೆ ಸಾಹುಕಾರ ಇದ್ದಂಗ. ಬಡ್ಡಿ ಏರಿಸಿದ್ರ ಏರಿಸಿದ, ಬರಲಿಲ್ಲಂದ್ರ ಇಲ್ಲ" ಎಂದ.

ನಾನು ತಿಂಗಳುಗಟ್ಟಲೆ ಓದಿದ್ದನ್ನು ಅಜ್ಜ ಒಂದು ಮಾತಿನಲ್ಲಿ ಹಿಡಿದಿದ್ದ. ಸಂಘ ಹುಟ್ಟಿದ್ದೇ ಸಾಹುಕಾರನ ಕೈಯಿಂದ ರೈತನನ್ನು ಬಿಡಿಸಲು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಸಹಕಾರ ಸಂಘವೇ ಮನೆಮನೆಗೆ ಕರೆಂಟು ಹಂಚುತ್ತಿದೆ ಎಂದೂ ಹೇಳಿದೆ. ಅಜ್ಜ ತಲೆಯಾಡಿಸಿದ, ಆಮೇಲೆ ಕೇಳಿದ: "ಬ್ಯಾಟರಿ ಸತ್ರ ಹೊಸಾದಕ್ಕ ರೊಕ್ಕ?"

ಕೇಳಬೇಕಾದ ಪ್ರಶ್ನೆಯೇ ಅದು. ಸೀಸ-ಆಸಿಡ್ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೂ ನಾಲ್ಕೈದು ವರ್ಷ. ದ್ವೀಪದ ಉಪ್ಪುಗಾಳಿಗೆ ತಂತಿ ಕೂಡಿಸುವ ಟರ್ಮಿನಲ್ಲು ಬೇಗ ಕಿಲುಬುಗಟ್ಟುತ್ತದೆ. ಮೊದಲ ತಿಂಗಳ ಬಿಲ್ಲಿನಿಂದಲೇ ಒಂದು ಪಾಲು ತೆಗೆದಿಡದಿದ್ದರೆ ಐದನೇ ವರ್ಷ ಊರು ಮತ್ತೆ ಕತ್ತಲೆ. ಹೀಗೆಂದಾಗ ಅಜ್ಜ, "ಹಂಗಾರ ನಿಮ್ಮವ್ವನ ಊರಾಗ ಮೊದಲ ರೊಕ್ಕದ ಪಟ್ಟಿ ಕೂಡಿಸ್ರಿ, ಆಮ್ಯಾಲ ಬ್ಯಾಟರಿ ತರ್ರಿ" ಎಂದ.

ಸಂಜೆಯ ಬಸ್ಸಿನಲ್ಲಿ ಹಾಳೆ ತೆಗೆದು ಆ ಊರಿನ ಕಂಬಗಳನ್ನು ನೆನಪಿನಿಂದಲೇ ಬರೆದೆ. ಹನುಮಪ್ಪನ ಗುಡಿಯ ಮುಂದೆ ಎರಡು, ಶಾಲೆಯ ಹತ್ತಿರ ಒಂದು, ಹಳ್ಳದ ದಾರಿಗೆ ಮೂರು. ಪ್ರತಿ ಕಂಬದ ಎದುರು, ಅದರ ಬೆಳಕು ಬೀಳುವ ಮನೆಗಳ ಹೆಸರು.