ಗೇಮ್‌ನ ಮಳೆಗೂ ಸ್ವಲ್ಪ ಹುಚ್ಚು ಬೇಕು

ಮೈನ್‌ಕ್ರಾಫ್ಟ್ ಅನ್ನೋ ಗೇಮ್‌ನಲ್ಲಿ ಮಳೆ ಶುರುವಾದರೆ 10ರಿಂದ 20 ನಿಮಿಷ, ಅದೂ ಇಡೀ ಲೋಕಕ್ಕೆ ಒಟ್ಟಿಗೆ. ಮರುಭೂಮಿಯಲ್ಲಿ ಬೀಳಲ್ಲ, ಚಳಿ ಜಾಗದಲ್ಲಿ ಹಿಮ ಬೀಳುತ್ತದೆ, ಅಷ್ಟೇ ವ್ಯತ್ಯಾಸ. ನಮ್ಮ ಮೈಸೂರು ನೋಡಿ, ವಿಜಯನಗರದಲ್ಲಿ ಧೋ ಅಂತ ಸುರಿಯುತ್ತಿರುವಾಗ ಕುವೆಂಪುನಗರದವರು ಟೆರೇಸ್ ಮೇಲೆ ಆರಾಮಾಗಿ ಬಟ್ಟೆ ಒಣಗಿಸುತ್ತಿರುತ್ತಾರೆ.

ನಾನೊಂದು ಪುಟ್ಟ ಬೇಸಾಯದ ಗೇಮ್ ಮಾಡುತ್ತಿದ್ದೇನೆ. ಅದರಲ್ಲಿ ಹವಾಮಾನಕ್ಕೆ ಸುಮ್ನೆ ರ್‍ಯಾಂಡಮ್ ನಂಬರ್ ತೆಗೆದರೆ ಈಗ ಬಿಸಿಲು, ಮರುಗಳಿಗೆ ಗುಡುಗು, ಆಮೇಲೆ ಮಂಜು, ತಲೆಬುಡ ಇರಲ್ಲ. ಅದಕ್ಕೇ ಮಾರ್ಕೋವ್ ಚೈನ್ ಹಾಕಿದೆ. ಅಂದರೆ ಮುಂದಿನ ಗಂಟೆ ಹೇಗಿರುತ್ತದೆ ಅನ್ನೋದು ಈಗ ಹೇಗಿದೆ ಅನ್ನೋದರ ಮೇಲೆ ನಿಂತಿರುತ್ತದೆ. ಬಿಸಿಲಿನಿಂದ ಮೋಡಕ್ಕೆ ತಿರುಗುವ ಸಾಧ್ಯತೆ 100ರಲ್ಲಿ 20, ಮೋಡದಿಂದ ಮಳೆಗೆ 30, ಬಿಸಿಲಿನಿಂದ ನೇರ ಗುಡುಗಿಗೆ ಸೊನ್ನೆ.

ಆದರೆ ವರ್ಷವಿಡೀ ಈ ಅಂಕಿಗಳ ಒಂದೇ ಪಟ್ಟಿ ಇದ್ದರೆ ಅದೂ ಬೇಜಾರೇ ಅಲ್ವಾ? ಬಹಳಷ್ಟು ಗೇಮ್‌ನಲ್ಲಿ ಇರುವ ಆ ನಾಲ್ಕು ಸೀಸನ್ ನಮ್ಮ ಕಡೆಗೆ ಒಗ್ಗಲ್ಲ. ಮಳೆ ನಕ್ಷತ್ರಗಳನ್ನೇ ತಂದೆ. ಒಂದೊಂದಕ್ಕೂ 13-14 ದಿನ, ಒಂದೊಂದಕ್ಕೂ ಬೇರೆ ಪಟ್ಟಿ. ಭರಣಿಯಲ್ಲಿ ಮಧ್ಯಾಹ್ನ ಉರಿಬಿಸಿಲು, ಸಂಜೆ 4ರ ಮೇಲೆ ಗುಡುಗಿನ ಅಂಕಿ ದುಪ್ಪಟ್ಟು. ಆರಿದ್ರದಲ್ಲಿ ದಿನವಿಡೀ ಜಿಟಿಜಿಟಿ. ಮೋಡಗಳಿಗೆ, ಅಕ್ಕಪಕ್ಕದ ಅಂಕಿಗಳು ಮೆಲ್ಲಗೆ ಏರಿಳಿಯುವ ಪರ್ಲಿನ್ ನಾಯ್ಸ್‌ನ ಒಂದು ನಕ್ಷೆ ಮಾಡಿ ಗಾಳಿಯ ದಿಕ್ಕಿಗೆ ಜರುಗಿಸುತ್ತೇನೆ, ಹಾಗಾಗಿ ಬೆಟ್ಟದ ಈ ಕಡೆ ಮಳೆ ಬಂದರೂ ಆ ಕಡೆ ಒಣ.

ಆಡಿ ನೋಡಿದ ಗೆಳೆಯನಿಗೆ ಮುನ್ಸೂಚನೆ ಜಾಸ್ತಿ ಬೇಕಂತೆ. ಒಂದು ರೇಡಿಯೋ ಇಟ್ಟಿದ್ದೇನೆ. 10ರಲ್ಲಿ 3 ಸಲ ಸುಳ್ಳು ಹೇಳುತ್ತದೆ.